ಗ್ರಹಣದ ಗಣಿತವೂ ಕಾಲ್ಚೆಂಡಿನ ಗಣಿತವೂ

2022ನೆಯ ಇಸವಿಯ ದೀಪಾವಳಿಯ ದಿನಗಳಲ್ಲಿ ಎರಡು ಸಂಗತಿಗಳು ಒಂದರ ಬೆನ್ನಿಗೊಂದರಂತೆ ನಡೆದುವು. ಅಕ್ಟೋಬರ್ 25ರ ಸಂಜೆ ಪಾರ್ಶ್ವ ಸೂರ್ಯಗ್ರಹಣವಾಯಿತು. ನಮ್ಮ ಕರಾವಳಿಯಲ್ಲಿ ಅದು ಐದು ಗಂಟೆಯ ಬಳಿಕ ತೊಡಗಿ, ಮೋಕ್ಷಕ್ಕೆ ಮೊದಲೇ ಸೂರ್ಯನು ಮುಳುಗಿದನು. ಮರುದಿನ, ಬಲಿಪಾಡ್ಯಮಿಯಂದು, ಗೋವೆಯ ಮಡಗಾಂವಿನಲ್ಲಿ ಹದಿನೇಳು ವರ್ಷದೊಳಗಿನ ಹುಡುಗಿಯರ ವಿಶ್ವ ಕಾಲ್ಚೆಂಡು ಸ್ಪರ್ಧೆಯ ಎರಡೂ ಸೆಮಿಫೈನಲ್ ಪಂದ್ಯಗಳು ನಡೆದುವು. ಗ್ರಹಣದ ಹೊತ್ತನ್ನು ಖಗೋಳಜ್ಞರು ವರುಷಗಳ ಹಿಂದೆಯೇ ನಿಮಿಷ ತಪ್ಪದಂತೆ ಗುಣಿಸಿ ಇಟ್ಟಿದ್ದರು. ಪಂದ್ಯಗಳ ಫಲವನ್ನಾದರೋ ಹಿಂದಿನ ರಾತ್ರಿಯೂ ಯಾರೊಬ್ಬರೂ ಹೇಳಲಾರದವರಾಗಿದ್ದರು. ಚಂದ್ರನ ಚಲನೆಯನ್ನು ಆಳುವ ನಿಯಮಗಳೇ ಚೆಂಡಿನ ಚಲನೆಯನ್ನೂ ಆಳುತ್ತಿರುವಾಗ ಈ ವ್ಯತ್ಯಾಸವು ಎಲ್ಲಿಂದ ಬಂದಿತು?

ಹುಡುಗಿಯರ ಕಾಲ್ಚೆಂಡಿನ ವಿಶ್ವಸ್ಪರ್ಧೆಯೊಂದು ಭಾರತಕ್ಕೆ ಬಂದುದು ಅದೇ ಮೊದಲು. ಕಬಕ ಪುತ್ತೂರಿನಲ್ಲಿ ರೈಲು ಹತ್ತಿ ಮಂಗಳೂರಿನಲ್ಲಿ ಬದಲಿಸಿದರೆ ಮಡಗಾಂವು ನಮಗೆ ಒಂದು ಹಗಲಿನ ದಾರಿಯೂ ಅಲ್ಲ. ಪುತ್ತೂರು, ಸುಳ್ಯ, ಕಡಬಗಳು ಕಬಡ್ಡಿಯ ಸೀಮೆ. ರಾತ್ರಿ ದೀಪ ಕಟ್ಟಿ ಆಡುವ ಕಬಡ್ಡಿಗೆ ನೆರೆಯುವ ಜನ ಇಲ್ಲಿ ಹುಡುಗಿಯರ ಕಾಲ್ಚೆಂಡಿಗೆ ನೆರೆಯುವುದಿಲ್ಲ. ಆದರೂ ಹಬ್ಬದ ಆ ದಿನಗಳಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳು, “ನಾಳೆ ಯಾರು ಗೆಲ್ಲುತ್ತಾರೆ ಸಾರ್? ಗ್ರಹಣಕ್ಕೆ ಲೆಕ್ಕ ಹಾಕಿದ ಹಾಗೆ ಹಾಕಿ ಹೇಳಿ” ಎಂದು ಕೇಳಿದಳು. ತಮಾಷೆಗೆ ಕೇಳಿದ ಪ್ರಶ್ನೆಯಾದರೂ ಅದಕ್ಕೆ ನೆಟ್ಟಗಿನ ಉತ್ತರವುಂಟು.

ಗ್ರಹಣದಲ್ಲಿ ಪಾಲುಗೊಳ್ಳುವ ಕಾಯಗಳು ಮೂರೇ. ಅವುಗಳ ನಡುವೆ ಗಾಳಿಯಿಲ್ಲ, ಕೆಸರಿಲ್ಲ, ಮನಸ್ಸಂತೂ ಇಲ್ಲ. ಮೈದಾನದಲ್ಲಿ ಇಪ್ಪತ್ತೆರಡು ಮಂದಿ ಓಡುತ್ತಾರೆ, ಒಬ್ಬೊಬ್ಬಳೂ ಇನ್ನೊಬ್ಬಳನ್ನು ನೋಡಿ ಗುರಿ ಬದಲಿಸುತ್ತಾಳೆ. ಹನ್ನೊಂದು ಮೀಟರ್ ದೂರದಿಂದ ಒದ್ದ ಪೆನಾಲ್ಟಿ ಚೆಂಡು ದಿಕ್ಕಿನಲ್ಲಿ ಒಂದೇ ಒಂದು ಡಿಗ್ರಿ ತಪ್ಪಿದರೆ, ಗೋಲಿನ ಬಳಿ ಸುಮಾರು 19 ಸೆಂಟಿಮೀಟರು ಸರಿದಿರುತ್ತದೆ. ಕಂಬದ ಒಳಗಿನ ಅಂಚಿಗೆ ತಾಗುವುದಕ್ಕೂ ಹೊರಗೆ ಹೋಗುವುದಕ್ಕೂ ಅಷ್ಟು ಅಂತರ ಬೇಕಾಗಿಲ್ಲ. ಒದೆಯುವ ಪಾದದ ಕೋನವನ್ನು ಅಷ್ಟು ನಿಖರವಾಗಿ ಮೊದಲೇ ತಿಳಿಯುವ ಉಪಾಯವು ನಮ್ಮಲ್ಲಿಲ್ಲ.

ಇದಕ್ಕಿಂತಲೂ ದೊಡ್ಡ ಕಾರಣವು ಗೋಲುಗಳ ವಿರಳತೆ. ಅಪರೂಪದ ಘಟನೆಗಳು ಎಷ್ಟು ಬಾರಿ ಸಂಭವಿಸಬಹುದೆಂಬುದನ್ನು ಲೆಕ್ಕಿಸುವ ಸೂತ್ರವೊಂದನ್ನು ಫ್ರಾನ್ಸಿನ ಗಣಿತಜ್ಞ ಪ್ವಾಸೋನನು 1837ರಲ್ಲಿ ಪ್ರಕಟಿಸಿದನು. 1898ರಲ್ಲಿ ಬೋರ್ಟ್ಕೆವಿಚ್ ಎಂಬಾತನು ಅದನ್ನು ಪ್ರಶ್ಯದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಸಂಖ್ಯೆಗೆ ಅನ್ವಯಿಸಿ ತೋರಿಸಿದ ಮೇಲೆ ಅದು ಹೆಸರುವಾಸಿಯಾಯಿತು. ಒದೆತಕ್ಕೂ ಈ ಸೂತ್ರಕ್ಕೂ ನಂಟು ಹಳೆಯದೆಂದು ನಾವು ತರಗತಿಯಲ್ಲಿ ನಗಿಸುವುದುಂಟು. ಪಂದ್ಯವೊಂದಕ್ಕೆ ಸರಾಸರಿ ಒಂದೂವರೆ ಗೋಲು ಹೊಡೆಯುವ ತಂಡವು ಸರಾಸರಿ ಒಂದೇ ಗೋಲು ಹೊಡೆಯುವ ತಂಡವನ್ನು ಎದುರಿಸಿತೆನ್ನೋಣ. ಮೊದಲನೆಯದು ಎರಡನೆಯದಕ್ಕಿಂತ ಅರ್ಧ ಪಟ್ಟು ಮೇಲು. ಹಾಗಿದ್ದರೂ ನೂರು ಪಂದ್ಯಗಳಲ್ಲಿ ಬಲಶಾಲಿ ಗೆಲ್ಲುವುದು ಸುಮಾರು 49, ಸಮನಾಗುವುದು 26, ದುರ್ಬಲ ತಂಡವೇ ಗೆಲ್ಲುವುದು 25. ಸಮನಾದುವನ್ನು ಪೆನಾಲ್ಟಿಗಳಿಂದ ತೀರ್ಮಾನಿಸಿ, ಅಲ್ಲಿ ಇಬ್ಬರಿಗೂ ಸರಿಪಾಲು ಎಂದುಕೊಂಡರೆ, ನೂರರಲ್ಲಿ 38 ಬಾರಿ ದುರ್ಬಲ ತಂಡವೇ ಫೈನಲಿಗೆ ನಡೆಯುತ್ತದೆ.

ನಮ್ಮವರಿಗೆ ಕಬಡ್ಡಿಯ ಉದಾಹರಣೆಯು ಹೆಚ್ಚು ಹತ್ತಿರದ್ದು. ಸ್ಥೂಲವಾಗಿ ಹೇಳುವುದಾದರೆ, ಆಕಸ್ಮಿಕದಿಂದ ಆಗುವ ಏರಿಳಿತವು ಎಣಿಕೆಯ ವರ್ಗಮೂಲದಷ್ಟು. 36 ಅಂಕ ಗಳಿಸುವ ತಂಡದ ಲೆಕ್ಕವು ಅದೃಷ್ಟದಿಂದ ಆರು ಅಂಕದಷ್ಟು ಅತ್ತಿತ್ತಲಾಗಬಹುದು, ಎಂದರೆ ಆರನೆಯ ಒಂದು ಪಾಲು. ಒಂದು ಗೋಲು ಹೊಡೆಯುವ ತಂಡದ ಏರಿಳಿತವೂ ಒಂದು ಗೋಲೇ, ಎಂದರೆ ಇದ್ದುದೆಲ್ಲವೂ. ಕಾರ್ಕಳದ ಕಡೆಯ ಮಮತಾ ಪೂಜಾರಿಯವರಿದ್ದ ಭಾರತದ ಕಬಡ್ಡಿ ತಂಡವು 2010ರ ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳೆರಡರಲ್ಲೂ ಚಿನ್ನ ಗೆದ್ದುದರಲ್ಲಿ ಆಕಸ್ಮಿಕದ ಪಾಲು ಅಲ್ಪ. ಕಾಲ್ಚೆಂಡಿನಲ್ಲಿ ಅಂಥ ನಿಶ್ಚಯವಿಲ್ಲದುದರಿಂದಲೇ ಸೆಮಿಫೈನಲಿನ ಹಿಂದಿನ ರಾತ್ರಿ ಜಗತ್ತು ನಿದ್ದೆಗೆಡುತ್ತದೆ.

ಈ ಕಾತರವನ್ನು ತಾಳಲಾರದವರು ಭವಿಷ್ಯ ಕೇಳಲು ಹೊರಡುತ್ತಾರೆ. ಗ್ರಹಣದ ಹೊತ್ತನ್ನು ಅಚ್ಚು ಮಾಡುವ ಪಂಚಾಂಗವೇ ರಾಶಿಫಲವನ್ನೂ ಅಚ್ಚು ಮಾಡುವುದರಿಂದ, ಮೊದಲನೆಯದು ನಿಜವಾದುದನ್ನು ಕಂಡವರು ಎರಡನೆಯದಕ್ಕೂ ಅದೇ ಮರ್ಯಾದೆ ಕೊಡುತ್ತಾರೆ. 2010ರಲ್ಲಿ ಜರ್ಮನಿಯ ಪಾಲ್ ಎಂಬ ಆಕ್ಟೊಪಸ್ಸು ಪುರುಷರ ವಿಶ್ವಸ್ಪರ್ಧೆಯ ಎಂಟು ಪಂದ್ಯಗಳ ಫಲವನ್ನು ತಪ್ಪದೆ ಆರಿಸಿತು. ನಾಣ್ಯ ಚಿಮ್ಮಿದರೂ 256ರಲ್ಲಿ ಒಂದು ಬಾರಿ ಹಾಗಾಗುತ್ತದೆ. ಆ ಕೆಲಸಕ್ಕೆ ಹಚ್ಚಿದ ಪ್ರಾಣಿಗಳು ಎಷ್ಟೋ. ತಪ್ಪಿದುವುಗಳ ಚಿತ್ರವು ಪತ್ರಿಕೆಗಳಲ್ಲಿ ಬರುವುದಿಲ್ಲ.

ಮಡಗಾಂವಿನ ಕತೆಯನ್ನೇ ನೋಡಿ. ಭುವನೇಶ್ವರದಲ್ಲಿ ನಮ್ಮ ಹುಡುಗಿಯರ ಮೇಲೆ ಎಂಟು ಗೋಲು ಹೊಡೆದಿದ್ದ ಅಮೆರಿಕದ ತಂಡವು ಸೆಮಿಫೈನಲಿಗೆ ಬರಲೇ ಇಲ್ಲ. ನೈಜೀರಿಯವು ಅದನ್ನು ಪೆನಾಲ್ಟಿಗಳಲ್ಲಿ ಹೊರಹಾಕಿತ್ತು. ಹಿಂದಿನ ಸ್ಪರ್ಧೆಯ ವಿಜೇತ ಸ್ಪೇನ್ ಗುಂಪಿನ ಹಂತದಲ್ಲಿ ಮೆಕ್ಸಿಕೋವಿಗೆ ಸೋತು ಬಂದಿತ್ತು. ಅಕ್ಟೋಬರ್ 26ರಂದು ಕೊಲಂಬಿಯ, ನೈಜೀರಿಯ ತಂಡಗಳು ಒಂದೂ ಗೋಲಿಲ್ಲದೆ ಸಮನಾಗಿ, ಪೆನಾಲ್ಟಿಗಳಲ್ಲಿ ಕೊಲಂಬಿಯವು 6-5ರಿಂದ ಗೆದ್ದಿತು. ರಾತ್ರಿಯ ಪಂದ್ಯದಲ್ಲಿ ಸ್ಪೇನ್ ಜರ್ಮನಿಯನ್ನು ಸೋಲಿಸಿದುದು ಆಟ ಮುಗಿಯುವ ಹೊತ್ತಿನ ಒಂದೇ ಗೋಲಿನಿಂದ. 30ರಂದು ನವಿಮುಂಬಯಿಯಲ್ಲಿ ಸ್ಪೇನಿಗೆ ಕಿರೀಟ ತಂದುದೂ ಒಂದೇ ಗೋಲು, ಅದನ್ನೂ ಕೊಲಂಬಿಯದ ಆಟಗಾರ್ತಿಯೇ ತನ್ನ ಗೋಲಿಗೆ ತಾನೇ ಸೇರಿಸಿಕೊಂಡಳು. ಕೊನೆಯ ನಾಲ್ಕು ತಂಡಗಳಲ್ಲಿ ಇಂಥದೇ ಮೇಲೆಂದು ಆ ಮೂರು ಪಂದ್ಯಗಳಿಂದ ಸಿದ್ಧಪಡಿಸಲು ಯಾವ ಭೌತವಿಜ್ಞಾನಿಯೂ ಒಪ್ಪಲಾರನು.

ಹೀಗೆಂದು ಎಲ್ಲವನ್ನೂ ಅದೃಷ್ಟದ ತಲೆಗೆ ಕಟ್ಟುವಂತಿಲ್ಲ. ಭಾರತದ ಹುಡುಗಿಯರು ಅಮೆರಿಕಕ್ಕೆ 8-0, ಮೊರೊಕ್ಕೊಗೆ 3-0, ಬ್ರೆಜಿಲಿಗೆ 5-0 ಸೋತರು. ಹದಿನಾರು ಗೋಲು ಬಿಟ್ಟು ಒಂದೂ ಹೊಡೆಯಲಿಲ್ಲ. ಹದಿನಾರರ ವರ್ಗಮೂಲ ನಾಲ್ಕು. ಆಕಸ್ಮಿಕಕ್ಕೆ ಅದರ ಪಾಲನ್ನು ಕೊಟ್ಟರೂ ಉಳಿದುದು ಬೆಟ್ಟದಷ್ಟು. ಅಲ್ಲಿ ಸೋತುದು ಮೈದಾನ, ತರಬೇತಿ, ಆಡಿದ ಪಂದ್ಯಗಳ ಸಂಖ್ಯೆ, ಇವುಗಳ ಕೊರತೆಯಿಂದ. ಮೂರು ಪಂದ್ಯ ನೋಡಿದುದರಿಂದ ಇಷ್ಟನ್ನು ಹೇಳುವ ಧೈರ್ಯ ನಮಗೆ ಬಂದಿತೆಂಬುದನ್ನು ಓದುಗರು ಗಮನಿಸಬೇಕು. ಒಂದೇ ಪಂದ್ಯವಾಗಿದ್ದರೆ ಬರುತ್ತಿರಲಿಲ್ಲ.

ಆದರೆ ನಮ್ಮ ತಾಲೂಕುಗಳ ಶಾಲಾ ಕ್ರೀಡಾಕೂಟಗಳಲ್ಲಿ ಹುಡುಗಿಯರ ತಂಡಗಳನ್ನು ತೂಗುವುದು ಸಾಮಾನ್ಯವಾಗಿ ಒಂದೇ ಪಂದ್ಯದಿಂದ. ಸೋತವರು ಹೊರಗೆ ಎಂಬ ಪದ್ಧತಿಯಲ್ಲಿ ಎಂಟು ಶಾಲೆಗಳು ಬಂದರೆ, ನಾಲ್ಕು ಶಾಲೆಗಳ ಹುಡುಗಿಯರು ಒಂದಾಟಕ್ಕೇ ಚೀಲ ಹೆಗಲಿಗೇರಿಸುತ್ತಾರೆ. ಹುಡುಗರಾದರೆ ಸಂಜೆ ಗದ್ದೆಯಲ್ಲೋ ಗುಡ್ಡದ ಮೇಲೋ ಮತ್ತೆ ಆಡಿಯಾರು. ಹುಡುಗಿಗೆ ಆ ವರುಷದ ಆಟವು ಬಹುಮಟ್ಟಿಗೆ ಅಲ್ಲಿಗೆ ತೀರಿತು. “ಸೋತಿರಲ್ಲ, ಇನ್ನು ಓದು ನೋಡು” ಎಂದು ಮನೆಯಲ್ಲಿ ಹೇಳುವುದಕ್ಕೂ, ತಂಡವನ್ನೇ ನಿಲ್ಲಿಸುವುದಕ್ಕೂ ಆ ಒಂದು ಸೋಲೇ ಆಧಾರವಾಗುತ್ತದೆ. ನೂರರಲ್ಲಿ 38 ಬಾರಿ ತಪ್ಪು ಹೇಳುವ ತಕ್ಕಡಿಯಲ್ಲಿ ನಾವು ಅಡಿಕೆಯನ್ನು ತೂಗುವೆವೇ?

ಮಳೆಯೂ ಈ ತಕ್ಕಡಿಯನ್ನು ಇನ್ನಷ್ಟು ಕೆಡಿಸುತ್ತದೆ. ಕೂಟಗಳು ಹೆಚ್ಚಾಗಿ ಮಳೆಗಾಲ ಪೂರ್ತಿ ಹಿಂಜರಿಯುವ ಮೊದಲೇ ನಡೆಯುವುವು. ಗುಡ್ಡ ಕಡಿದು ಸಮ ಮಾಡಿದ ಮುರಕಲ್ಲಿನ ಗಟ್ಟಿ ನೆಲದಲ್ಲಿ ಎರಡು ಮೀಟರ್ ಎತ್ತರದಿಂದ ಬಿಟ್ಟ ಚೆಂಡು ಒಂದು ಮೀಟರಿಗೂ ಮಿಕ್ಕಿ ಪುಟಿಯುತ್ತದೆ. ಅದೇ ಮೈದಾನದ ತಗ್ಗಿನ ಕೆಸರಿನಲ್ಲಿ ಅದು ಬಿದ್ದಲ್ಲೇ ಕೂರುತ್ತದೆ. ಯಾವ ಹೆಜ್ಜೆಗೆ ಯಾವ ನೆಲ ಸಿಕ್ಕೀತೆಂಬುದು ಜಾಣ್ಮೆಯ ವಿಷಯವಾಗಿ ಉಳಿಯುವುದಿಲ್ಲ.

ತಾಲೂಕು ಮಟ್ಟದಲ್ಲಾದರೂ ಹುಡುಗಿಯರ ಕಾಲ್ಚೆಂಡನ್ನು ಲೀಗ್ ಪದ್ಧತಿಯಲ್ಲಿ ಆಡಿಸಬೇಕೆಂಬುದು ನಮ್ಮ ಅಭಿಪ್ರಾಯ. ಎಂಟು ಶಾಲೆಗಳನ್ನು ನಾಲ್ಕರ ಎರಡು ಗುಂಪು ಮಾಡಿದರೆ ಪ್ರತಿ ತಂಡಕ್ಕೂ ಮೂರು ಪಂದ್ಯ ದೊರೆಯುತ್ತದೆ. ಎರಡು ಗುಂಪುಗಳ ಹನ್ನೆರಡು ಪಂದ್ಯ, ಮೇಲೊಂದು ಫೈನಲ್, ಒಟ್ಟು ಹದಿಮೂರು, ಈಗಿನದು ಏಳು. ಒಂದೇ ದಿನದಲ್ಲಿ ಮುಗಿಸಲೆಂದು ಪಂದ್ಯದ ಅವಧಿಯನ್ನು ಅರ್ಧಕ್ಕಿಳಿಸಿದರೆ ಗೋಲುಗಳೂ ಅರ್ಧವಾಗಿ, ಓಡಿಸಿದ ಆಕಸ್ಮಿಕವು ಹಿಂಬಾಗಿಲಿನಿಂದ ಬರುತ್ತದೆ. ದೂರದ ಹಳ್ಳಿಯ ಮಕ್ಕಳಿಗೆ ಸಂಜೆಯ ಕೊನೆಯ ಬಸ್ಸು ತಪ್ಪಬಾರದೆಂಬ ಅಧ್ಯಾಪಕರ ಆತಂಕವು ನ್ಯಾಯವಾದುದೇ. ಆದುದರಿಂದ ಸುಳ್ಯದ ಶಾಲೆಗಳು ಸುಳ್ಯದಲ್ಲಿ, ಕಡಬದವು ಕಡಬದಲ್ಲಿ, ಪುತ್ತೂರಿನವು ಪುತ್ತೂರಿನಲ್ಲಿ, ಡಿಸೆಂಬರಿನ ಒಣ ನೆಲದ ಮೇಲೆ, ಮೂರು ಶನಿವಾರ ಮಧ್ಯಾಹ್ನ ಆಡಲಿ. ಫೈನಲಿಗೆ ನಾಲ್ಕನೆಯ ಶನಿವಾರವಿದೆ.