ಗೇಟಿನ ಹೊರಗೆ ಬಿದ್ದವನು ಯಾರವನು?

ಬೆಳಗಿನ ಪಾಳಿಗೆ ಪೀಣ್ಯಕ್ಕೆ ಹೋಗುವವರನ್ನು ಜಾಲಹಳ್ಳಿ ಕ್ರಾಸಿನಲ್ಲಿ ನಿಂತು ನೋಡಬೇಕು. ಇನ್ನೂ ಕತ್ತಲು. ಬಸ್ಸಿಳಿದು, ಊಟದ ಚೀಲ ಬಗಲಲ್ಲಿಟ್ಟು, ತುಮಕೂರು ರಸ್ತೆ ದಾಟಲು ಓಡುತ್ತಾರೆ. ಅವರಲ್ಲೊಬ್ಬ ಲಾರಿಗೆ ಸಿಕ್ಕರೆ? ಗೇಟಿನ ಒಳಗೆ ಬಿದ್ದರೆ ನಮ್ಮವನು, ಹೊರಗೆ ಬಿದ್ದರೆ ಯಾರವನೋ. ಇದು ಮಾಲೀಕರ ಹಳೇ ವೇದಾಂತ.

1923ರ ಪರಿಹಾರ ಕಾಯಿದೆಯಲ್ಲಿ ದಾರಿಯ ಮಾತೇ ಇರಲಿಲ್ಲ. ಒಂದೊಂದು ಕೋರ್ಟು ಒಂದೊಂದು ಥರ ಹೇಳಿತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬ 2003ರಲ್ಲಿ ನಡುರಾತ್ರಿ ಪಾಳಿಗೆ ಬೈಕಿನಲ್ಲಿ ಹೊರಟು ದಾರಿಯಲ್ಲೇ ಸತ್ತ. ಅದು ಕೆಲಸದ ಅಪಘಾತವೇ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2025ರ ಜುಲೈನಲ್ಲಿ. ಇಪ್ಪತ್ತೆರಡು ವರ್ಷ, ಸ್ವಾಮಿ! ಇಎಸ್ಐ ಇದ್ದವರಿಗೆ ದಾರಿಯ ರಕ್ಷಣೆ 2010ರಲ್ಲೇ ಸಿಕ್ಕಿತ್ತು. ಸಂಬಳ 21,000 ದಾಟಿ ಇಎಸ್ಐ ತಪ್ಪಿದವನು, ಅದೇ ಬಸ್ಸಿನ ಪಕ್ಕದ ಸೀಟಿನಲ್ಲಿದ್ದರೂ, ಅನಾಥ.

2025ರ ನವೆಂಬರ್ 21ರಿಂದ ಹಳೇ ಕಾಯಿದೆ ಹೋಗಿ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವಾಗ ಆದ ಅಪಘಾತವೂ ಕೆಲಸದ್ದೇ ಅಂತ ಈಗ ಕಾನೂನಿನಲ್ಲೇ ಬರೆದಿದೆ. ಒಳ್ಳೆಯದೇ. ಆದರೆ ಬಾಲಂಗೋಚಿಯೊಂದಿದೆ: ಹೊತ್ತು, ಜಾಗ, ಸಂದರ್ಭ ಮೂರಕ್ಕೂ ಕೆಲಸದ ನಂಟು ತೋರಿಸಬೇಕು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಪಾಳಿ ಮುಗಿಸಿ, ಬೊಮ್ಮಸಂದ್ರದ ಭಾವಮೈದನ ಮನೆಯಲ್ಲಿ ಉಂಡು ಹೊರಟವನು ಬಿದ್ದರೆ, ವಕೀಲರಿಗೆ ಹಬ್ಬ. ಕಂಟ್ರಾಕ್ಟ್ ಆಳಿನ ಪಾಡಂತೂ ಕೇಳಬೇಡಿ. ಕಂಟ್ರಾಕ್ಟರನ ಆಳಿಗೂ ಕಂಪನಿಯೇ ಮೊದಲು ಕೊಟ್ಟು ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕು ಎನ್ನುತ್ತದೆ ಕಾನೂನು. ಸರಿ, ಆದರೆ ಆ ದಿನ ಅವನು ಯಾವ ಗೇಟಿಗೆ ಹೊರಟಿದ್ದ ಅಂತ ಹೇಳುವ ಹಾಜರಿ ಪುಸ್ತಕ ಎಲ್ಲಿದೆ?

ಇನ್ನು ದುಡ್ಡಿನ ಲೆಕ್ಕ. ಸಾವಾದರೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸುತ್ತಾರೆ. ಮೂವತ್ತು ವರ್ಷದವನಿಗೆ ಅದು 207.98. ಅವನ ನಿಜ ಸಂಬಳ 22,000 ಅಂದರೆ 22,87,780 ರೂಪಾಯಿ ಬರಬೇಕು. ಆದರೆ ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೊಂದು ಮಿತಿ: 2010ರಿಂದ 8,000, 2020ರ ಜನವರಿಯಲ್ಲಿ 15,000 ಆಯಿತು. ಆ 15,000ದಲ್ಲಿ ಲೆಕ್ಕ ಹಾಕಿದರೆ 15,59,850. ಏಳು ಲಕ್ಷಕ್ಕೂ ಮೀರಿ ಖೋತಾ! ಹೊಸ ಸಂಹಿತೆಯಲ್ಲೂ ಮಿತಿ ಗೊತ್ತುಮಾಡುವವರು ದೆಹಲಿಯವರೇ. ಪಾರ್ಲಿಮೆಂಟಿಗೆ ಹೋಗಿ ಕೂತ ನಮ್ಮವರು ಕೇಳಬೇಕಾದದ್ದು ಇದನ್ನು.

ವೈಟ್‌ಫೀಲ್ಡ್‌ನಲ್ಲಿ ಊಟದ ಪೊಟ್ಟಣ ಹೊತ್ತು ಓಡುವ ಹುಡುಗನಿಗೆ ಈ ಯಾವ ಗುಣಾಕಾರವೂ ಇಲ್ಲ. ಅವನು ನೌಕರನೇ ಅಲ್ಲವಂತೆ, 'ಪಾಲುದಾರ'ನಂತೆ! ಅಂಥವರಿಗಾಗಿ ಕರ್ನಾಟಕ 2025ರಲ್ಲಿ ಬೇರೆ ಕಾಯಿದೆ ಮಾಡಿದೆ. ಕಂಪನಿಗಳಿಂದ ಶೇಕಡಾ 1ರಿಂದ 5ರವರೆಗೆ ಶುಲ್ಕ ಎತ್ತಿ ಕಲ್ಯಾಣ ನಿಧಿ. ನಿಧಿ ಬೇರೆ, ಹಕ್ಕಿನ ಪರಿಹಾರ ಬೇರೆ.

ಅಪಘಾತವಾದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಸಂಬಳದ ಚೀಟಿ, ಹಾಜರಿ ಕಾರ್ಡು, ಬಸ್ ಪಾಸು, ಮೂರನ್ನೂ ಈವತ್ತೇ ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯವರಿಗೂ ಕಳಿಸಿಡಿ.