ಪ್ಲೇಟು ಸೇರಿಸಿದರೆ ಬ್ರೇಕು ಸೇರುವುದಿಲ್ಲ

ಪಿಕಪ್ ಗಾಡಿಯ ಹಿಂದಿನ ಕಮಾನಿಗೆ ಪ್ಲೇಟು ಸೇರಿಸಿ ಎತ್ತರಿಸುವುದು, ಮುಂದೆ ಸ್ಪೇಸರ್ ಕೊಟ್ಟು ಮೂತಿ ಏರಿಸುವುದು ಎರಡೂ ನಿಲ್ಲಬೇಕು ಎಂದು ವಾದಿಸುತ್ತ ಬಂದವನು ನಾನು. ಇದಕ್ಕೆ ಗಾಡಿ ಮಾಲೀಕರು, ಗ್ಯಾರೇಜಿನವರು, ಆಫ್‌ರೋಡ್ ಆಸಕ್ತರು ಎತ್ತಿದ ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರಿಸುವುದು ನನ್ನ ಕರ್ತವ್ಯ. ನನ್ನ ನಿಲುವು ಇಷ್ಟೆ: ಬ್ರೇಕು, ಸ್ಟೀರಿಂಗು, ಹೆಡ್‌ಲೈಟು ಮೂರನ್ನೂ ಕಂಪನಿಯವರು ಗಾಡಿಯ ಎತ್ತರವನ್ನು ಲೆಕ್ಕಕ್ಕೆ ಹಿಡಿದೇ ಹೊಂದಿಸಿರುತ್ತಾರೆ. ಎತ್ತರವನ್ನು ಮಾತ್ರ ಬದಲಿಸಿದರೆ ಮೂರೂ ಲೆಕ್ಕ ತಪ್ಪುತ್ತವೆ.

1. "ಎರಡು ಪ್ಲೇಟು ಜಾಸ್ತಿ ಹಾಕಿಸಿದರೆ ಗಾಡಿ ಹೆಚ್ಚು ಲೋಡ್ ತಡೆಯುತ್ತದೆ."

ತಡೆಯುವುದು ಕಮಾನು ಮಾತ್ರ. ಗಾಡಿಯ ತೂಕದ ಮಿತಿಯನ್ನು ಕಮಾನೊಂದೇ ನಿರ್ಧರಿಸುವುದಿಲ್ಲ. ಆಕ್ಸಲ್, ವೀಲ್ ಬೇರಿಂಗ್, ಟೈರು, ಚಾಸಿ, ಬ್ರೇಕು ಎಲ್ಲವನ್ನೂ ನೋಡಿ, ಅವುಗಳಲ್ಲಿ ಅತ್ಯಂತ ದುರ್ಬಲವಾದದ್ದು ಎಷ್ಟು ತಾಳುತ್ತದೋ ಅಷ್ಟಕ್ಕೆ ಮಿತಿ ಹಾಕಬೇಕಾಗುತ್ತದೆ. ಪ್ಲೇಟು ಸೇರಿಸಿದಾಗ ಇವುಗಳಲ್ಲಿ ಯಾವುದರ ಶಕ್ತಿಯೂ ಹೆಚ್ಚುವುದಿಲ್ಲ. ಅದರ ಬದಲು ಒಂದು ಮುಖ್ಯವಾದ ಎಚ್ಚರಿಕೆ ಇಲ್ಲದಾಗುತ್ತದೆ. ಓವರ್‌ಲೋಡ್ ಆದ ಗಾಡಿ ಹಿಂದೆ ಕುಸಿದು ಡ್ರೈವರನಿಗೆ ತಾನೇ ಸುದ್ದಿ ಮುಟ್ಟಿಸುತ್ತಿತ್ತು. ಹೆಚ್ಚುವರಿ ಪ್ಲೇಟು ಆ ಕುಸಿತವನ್ನು ಮರೆಮಾಚುತ್ತದೆ. ಟೊಮೆಟೊ ಕ್ರೇಟುಗಳನ್ನು ಇನ್ನೆರಡು ಸಾಲು ಏರಿಸಿದರೂ ಗಾಡಿ ನೆಟ್ಟಗೆ ನಿಂತಂತೆ ಕಾಣುತ್ತದೆ. ಟೈರಿನ ಮೇಲಿನ ಭಾರ ಮಾತ್ರ ಕಾಣುವುದಿಲ್ಲ.

2. "ಕಮಾನಿಗೂ ಬ್ರೇಕಿಗೂ ಏನು ಸಂಬಂಧ?"

ನೇರ ಸಂಬಂಧವಿದೆ. ನಮ್ಮಲ್ಲಿ ಓಡುವ ಹಲವು ಪಿಕಪ್‌ಗಳಲ್ಲಿ ಎಲ್‌ಎಸ್‌ಪಿವಿ ಎಂಬ ವಾಲ್ವ್ ಇರುತ್ತದೆ. ವಾಲ್ವ್ ಚಾಸಿಯ ಮೇಲೆ ಕೂತಿರುತ್ತದೆ, ಅದರ ಕಡ್ಡಿ ಹಿಂದಿನ ಆಕ್ಸಲ್‌ಗೆ ಸೇರಿರುತ್ತದೆ. ಲೋಡ್ ಬಿದ್ದು ಚಾಸಿ ಕೆಳಗಿಳಿದಾಗ ಕಡ್ಡಿ ಸರಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಗಾಡಿ ಖಾಲಿಯಾಗಿ ಚಾಸಿ ಮೇಲೆದ್ದಾಗ ಒತ್ತಡ ಕಡಿಮೆ ಮಾಡುತ್ತದೆ. ಇಲ್ಲವಾದರೆ ಖಾಲಿ ಗಾಡಿಯ ಹಿಂದಿನ ಚಕ್ರಗಳು ಲಾಕ್ ಆಗಿ ಜಾರುತ್ತವೆ.

ಲೋಡ್ ಎಷ್ಟಿದೆ ಎಂದು ತಿಳಿಯಲು ಈ ವಾಲ್ವ್‌ಗೆ ಇರುವ ಗುರುತು ಎತ್ತರ ಒಂದೇ. ಹಿಂದೆ ಎತ್ತರಿಸಿದ ಗಾಡಿ ತುಂಬಿ ತುಳುಕುತ್ತಿದ್ದರೂ ವಾಲ್ವ್‌ನ ಲೆಕ್ಕದಲ್ಲಿ ಅದು ಅರೆಖಾಲಿ. ಹಿಂದಿನ ಬ್ರೇಕು ಹಿಡಿಯಬೇಕಾದಷ್ಟು ಹಿಡಿಯದೆ ಮುಂದಿನ ಬ್ರೇಕಿನ ಮೇಲೆ ಭಾರ ಬೀಳುತ್ತದೆ. ಶಿರಾಡಿ ಘಾಟಿ ಇಳಿಯುವಾಗ ಆ ಮುಂದಿನ ಬ್ರೇಕೇ ಕಾದು ಕೈಕೊಟ್ಟರೆ ಗತಿಯೇನು? ಶೋಕಿಗೆ ಹಿಂಭಾಗ ಇಳಿಸಿದವರಿಗೆ ಇದರ ಉಲ್ಟಾ ಅಪಾಯ: ಗಾಡಿ ಖಾಲಿ ಇದ್ದರೂ ವಾಲ್ವ್ ಪೂರ್ತಿ ಒತ್ತಡ ಬಿಡುತ್ತದೆ, ಮಳೆಯ ರಸ್ತೆಯಲ್ಲಿ ಹಿಂಭಾಗ ಅಡ್ಡಕ್ಕೆ ಎಳೆಯುತ್ತದೆ. ಎತ್ತರ ಬದಲಿಸುವ ಮೇಸ್ತ್ರಿಗಳು ಆ ಕಡ್ಡಿಯನ್ನು ಮರುಹೊಂದಿಸಿ ಒತ್ತಡ ಅಳೆದು ಕೊಡುತ್ತಾರೆಯೇ? ಪ್ಲೇಟು ಹಾಕಿಸಿದವರು ತಮ್ಮ ಬಿಲ್ ತೆಗೆದು ನೋಡಲಿ.

3. "ನಮ್ಮ ರಸ್ತೆಗಳು ಕೆಟ್ಟಿವೆ, ಎತ್ತರ ಬೇಕೇ ಬೇಕು."

ರಸ್ತೆ ಕೆಟ್ಟಿರುವುದು ನಿಜ. ಆದರೆ ಪಿಕಪ್‌ನ ಹಿಂಭಾಗದಲ್ಲಿ ನೆಲಕ್ಕೆ ಹತ್ತಿರವಿರುವುದು ಡಿಫರೆನ್ಷಿಯಲ್ ಹೌಸಿಂಗ್. ಅದು ಆಕ್ಸಲ್‌ನ ಭಾಗ, ಆಕ್ಸಲ್ ಚಕ್ರದ ಮೇಲೆ ನಿಂತಿದೆ. ಕಮಾನಿಗೆ ಏನೇ ಸೇರಿಸಿದರೂ ಮೇಲೇಳುವುದು ಚಾಸಿ ಮತ್ತು ಬಾಡಿ. ಹೌಸಿಂಗ್ ಇದ್ದಲ್ಲೇ ಇರುತ್ತದೆ. ಮೊದಲು ತಗುಲುತ್ತಿದ್ದ ಕಲ್ಲು ಈಗಲೂ ತಗುಲುತ್ತದೆ.

ಮುಂಭಾಗದ ಕಥೆ ಬೇರೆ. ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್‌ಗಳಂಥ ಗಾಡಿಗಳಲ್ಲಿ ಮುಂದೆ ಡಬಲ್ ವಿಶ್‌ಬೋನ್, ಕಾಯಿಲ್ ಸ್ಪ್ರಿಂಗ್ ಇವೆ. ಸ್ಪೇಸರ್ ಕೊಟ್ಟರೆ ಆರ್ಮ್‌ಗಳು ಮೊದಲೇ ಕೆಳಕ್ಕೆ ಬಾಗಿ ನಿಲ್ಲುತ್ತವೆ. ಹಳ್ಳ ಬಂದಾಗ ಚಕ್ರ ಇನ್ನಷ್ಟು ಕೆಳಗಿಳಿದು ನೆಲ ಹಿಡಿಯಲು ಉಳಿದ ಜಾಗ ಕಡಿಮೆಯಾಗುತ್ತದೆ. ಡ್ರೈವ್ ಶಾಫ್ಟ್ ಓರೆಯಾಗಿ ತಿರುಗಬೇಕಾಗುತ್ತದೆ, ಬಾಲ್ ಜಾಯಿಂಟ್ ಬೇಗ ಸವೆಯುತ್ತದೆ, ಅಲೈನ್‌ಮೆಂಟ್ ಹೋಗುತ್ತದೆ. ಕೆಟ್ಟ ರಸ್ತೆಗೆಂದು ಮಾಡಿಸಿದ ಕೆಲಸ ಕೆಟ್ಟ ರಸ್ತೆಯಲ್ಲೇ ಚಕ್ರದ ಹಿಡಿತ ಕಳೆಯುತ್ತದೆ.

ಇನ್ನು ಗಾಡಿ ಮಗುಚುವ ಮಾತು. ಚಕ್ರಗಳ ನಡುವಿನ ಅಗಲ 1.4 ಮೀಟರ್, ಲೋಡ್ ಸೇರಿದ ಗುರುತ್ವ ಕೇಂದ್ರ ನೆಲದಿಂದ 1 ಮೀಟರ್ ಎಂದುಕೊಳ್ಳಿ. ತಿರುವಿನಲ್ಲಿ ಪಕ್ಕದ ಎಳೆತ ತೂಕದ 0.70 ಪಾಲು ಮುಟ್ಟಿದರೆ ಗಾಡಿ ಮಗುಚುತ್ತದೆ. ಆ ಕೇಂದ್ರ 10 ಸೆಂಟಿಮೀಟರ್ ಮೇಲೇರಿದರೆ 0.64 ಸಾಕು. ಕಮಾನು, ಟೈರುಗಳ ಓಲಾಟ ಸೇರಿಸಿದರೆ ಅಷ್ಟೂ ಬೇಕಿಲ್ಲ. ಚಾರ್ಮಾಡಿಯ ತಿರುವುಗಳಲ್ಲಿ ಈ ಸಣ್ಣ ವ್ಯತ್ಯಾಸವೇ ಜೀವ ಉಳಿಸಬಲ್ಲದು.

4. "ಲೋಡ್ ಹಾಕಿದರೆ ಮೂತಿ ಎದ್ದು ಎದುರಿನವರ ಕಣ್ಣಿಗೆ ಲೈಟು ಹೊಡೆಯುತ್ತದೆ. ಅದನ್ನು ಸರಿಮಾಡಲೆಂದೇ ಹಿಂದೆ ಎತ್ತುತ್ತೇವೆ."

ಆರು ಆಕ್ಷೇಪಗಳಲ್ಲಿ ಹೆಚ್ಚು ತೂಕವಿರುವುದು ಇದಕ್ಕೇ. ಇದರಲ್ಲಿ ಅರ್ಧ ಸತ್ಯವಿದೆ. ಹಿಂದೆ ಕುಸಿದರೆ ಬೆಳಕು ಮೇಲೇಳುತ್ತದೆ, ನಿಜ. ಆದರೆ ಮಿತಿಯೊಳಗಿನ ಲೋಡಿಗೆ ಎಷ್ಟು ಕುಸಿಯಬೇಕೋ ಅಷ್ಟನ್ನು ಕಂಪನಿ ಲೆಕ್ಕ ಹಾಕಿರುತ್ತದೆ. ಹೆಡ್‌ಲೈಟ್ ಇಳಿಸುವ ತಿರುಪು ಡ್ಯಾಶ್‌ಬೋರ್ಡಿನಲ್ಲಿ ಇದ್ದರೆ ಅದು ಇರುವುದು ಇದಕ್ಕೇ. ಅದಕ್ಕೂ ಮೀರಿ ಕುಸಿದರೆ ಕಾರಣ ಎರಡೇ: ಓವರ್‌ಲೋಡ್, ಇಲ್ಲವೇ ದಣಿದ ಪ್ಲೇಟು. ದಣಿದ ಪ್ಲೇಟು ತೆಗೆದು ಅದೇ ಅಳತೆಯ ಹೊಸ ಸೆಟ್ ಹಾಕಿಸಿ. ಅದು ರಿಪೇರಿ, ಅದಕ್ಕೆ ನನ್ನ ವಿರೋಧವಿಲ್ಲ.

ಹಿಂದೆ 5 ಸೆಂಟಿಮೀಟರ್ ಎತ್ತಿದ ಗಾಡಿ ಖಾಲಿ ಬರುವಾಗ ಮುಂದಕ್ಕೆ ಬಾಗಿರುತ್ತದೆ. ವೀಲ್‌ಬೇಸ್ 3 ಮೀಟರ್ ಆದರೆ ಬಾಗು ಸುಮಾರು 1 ಡಿಗ್ರಿ. ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವಂತೆ ಮಾಡುವ ಕ್ಯಾಸ್ಟರ್ ಕೋನವೂ ಅಷ್ಟೇ ಕಡಿಮೆಯಾಗುತ್ತದೆ. ಹೆದ್ದಾರಿ ವೇಗದಲ್ಲಿ ಗಾಡಿ ಅತ್ತಿತ್ತ ಅಲೆಯತೊಡಗುತ್ತದೆ.

ಮೂತಿ ಏರಿಸಿದವರ ಲೆಕ್ಕ ಇನ್ನೂ ಕೆಟ್ಟದ್ದು. ಡಿಮ್ ಬೆಳಕು ಸಾಮಾನ್ಯವಾಗಿ 10 ಮೀಟರ್ ದೂರಕ್ಕೆ ಸುಮಾರು 10 ಸೆಂಟಿಮೀಟರ್ ಇಳಿಯುವಂತೆ, ಅಂದರೆ 1 ಪ್ರತಿಶತ ಕೆಳಕ್ಕೆ ಹೊಂದಿಸಿರುತ್ತದೆ. 3 ಮೀಟರ್ ವೀಲ್‌ಬೇಸಿನ ಗಾಡಿಯ ಮುಂಭಾಗ 5 ಸೆಂಟಿಮೀಟರ್ ಏರಿದರೆ ಬೆಳಕು ಸುಮಾರು 1.7 ಪ್ರತಿಶತ ಮೇಲಕ್ಕೆ ತಿರುಗುತ್ತದೆ. ಕೆಳಗೆ ಬೀಳಬೇಕಿದ್ದ ಬೆಳಕು 30 ಮೀಟರ್ ದೂರದಲ್ಲಿ ಲ್ಯಾಂಪಿಗಿಂತ 20 ಸೆಂಟಿಮೀಟರ್ ಮೇಲೆ ಹಾಯುತ್ತದೆ. ಎದುರಿನಿಂದ ಬರುವ ಬೈಕ್ ಸವಾರನ ಕಣ್ಣು ಕುಕ್ಕಲು ಅಷ್ಟು ಸಾಕು.

5. "ಅಮೆರಿಕದಲ್ಲಿ ಎಲ್ಲರೂ ಮಾಡುತ್ತಾರೆ."

ಅಲ್ಲೇ ಕಾನೂನು ತಡೆದಿದೆ. ಮುಂದೆ ಏರಿಸಿ ಹಿಂದೆ ಇಳಿಸುವ 'ಕೆರೊಲಿನಾ ಸ್ಕ್ವಾಟ್' ಶೋಕಿಯನ್ನು ಉತ್ತರ ಕೆರೊಲಿನಾ ರಾಜ್ಯ 2021ರ ಡಿಸೆಂಬರಿನಿಂದ ನಿಷೇಧಿಸಿದೆ. ಮುಂದಿನ ಫೆಂಡರ್ ಹಿಂದಿನದಕ್ಕಿಂತ 4 ಇಂಚು ಅಥವಾ ಹೆಚ್ಚು ಎತ್ತರವಿದ್ದರೆ ಅಪರಾಧ. 2022ರಲ್ಲಿ ವರ್ಜೀನಿಯಾ, 2023ರಲ್ಲಿ ದಕ್ಷಿಣ ಕೆರೊಲಿನಾ ಅದೇ ದಾರಿ ಹಿಡಿದವು. ಪಿಕಪ್ ಪ್ರೀತಿ ಹೆಚ್ಚಿರುವ ನಾಡಿನ ಶಾಸನಸಭೆಗಳೇ ಈ ತೀರ್ಮಾನಕ್ಕೆ ಬಂದಿವೆ.

6. "ನನ್ನ ಗಾಡಿ, ನನ್ನ ದುಡ್ಡು. ಇಷ್ಟು ವರ್ಷ ಏನೂ ಆಗಿಲ್ಲ."

ಗಾಡಿ ನಿಮ್ಮದು, ರಸ್ತೆ ಎಲ್ಲರದು. ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಭಿನ್ನವಾಗುವಂತೆ ವಾಹನ ಬದಲಿಸಕೂಡದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದೆ ಬಿಡಿಭಾಗ ಜೋಡಿಸಿ ಗಾಡಿ ಬದಲಿಸಿದ ಮಾಲೀಕನಿಗೆ 6 ತಿಂಗಳವರೆಗೆ ಸೆರೆ ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಕಾನೂನು ಬದಿಗಿಟ್ಟು ನೋಡಿದರೂ, "ಏನೂ ಆಗಿಲ್ಲ" ಎನ್ನುವುದಕ್ಕೆ ಅರ್ಥ ಇಷ್ಟೆ: ಪೂರ್ತಿ ಲೋಡಿನಲ್ಲಿ, ಇಳಿಜಾರಿನಲ್ಲಿ, ಒಮ್ಮೆಗೇ ಬ್ರೇಕ್ ಒತ್ತುವ ಸಂದರ್ಭ ಇನ್ನೂ ಬಂದಿಲ್ಲ.

ಬಾಡಿಗೆ ಕಡಿಮೆ, ಡೀಸೆಲ್ ದುಬಾರಿ, ಕಂತು ಕಟ್ಟಲೇಬೇಕು. ಪ್ಲೇಟು ಹಾಕಿಸುವವರ ಮೇಲಿನ ಈ ಒತ್ತಡ ನನಗೆ ಅರ್ಥವಾಗುತ್ತದೆ. ಅವರಿಗೆ ಬೇಕಿರುವುದು ನ್ಯಾಯವಾದ ಬಾಡಿಗೆ ದರ, ಲೋಡಿಗೆ ತಕ್ಕ ದೊಡ್ಡ ಗಾಡಿ. ಸರಕು ವಾಹನಗಳು 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಸರ್ಟಿಫಿಕೇಟಿಗೆ (ಎಫ್‌ಸಿ) ಹೋಗಲೇಬೇಕು. ಅಲ್ಲಿ ನಾಲ್ಕೂ ಚಕ್ರದ ನಡುಬಿಂದುವಿನಿಂದ ಫೆಂಡರ್‌ವರೆಗಿನ ಎತ್ತರ ಅಳೆದು ಕಂಪನಿಯ ಅಳತೆಗೆ ತಾಳೆ ನೋಡಲಿ. ಟೇಪ್ ಹಿಡಿದರೆ ನಾಲ್ಕೈದು ನಿಮಿಷದ ಕೆಲಸ. ತಾಳೆಯಾಗದ ಗಾಡಿಗೆ ಸರಿಪಡಿಸಿ ತರುವವರೆಗೆ ಎಫ್‌ಸಿ ಕೊಡಬಾರದು.