ಬಸುರಿಯ ದಿನಗಣನೆಯೂ ವೈದ್ಯವಿದ್ಯಾರ್ಥಿಯೂ

ಗರ್ಭದೊಳಗಿನ ಶಿಶುವನ್ನೂ ಒಬ್ಬ ರೋಗಿಯೆಂದು ಎಣಿಸಿ ಚಿಕಿತ್ಸೆ ಮಾಡಬಹುದೆಂಬ ಭಾವನೆ ವೈದ್ಯಲೋಕದಲ್ಲಿ ತೀರ ಹಳೆಯದಲ್ಲ. 1958ರಲ್ಲಿ ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಅವರ ಸಂಗಡಿಗರು ಕಿವಿಗೆ ಕೇಳದ ಧ್ವನಿತರಂಗಗಳಿಂದ ಗರ್ಭದ ಚಿತ್ರವನ್ನು ಪಡೆಯುವ ಕ್ರಮವನ್ನು ಪ್ರಕಟಿಸಿದರು. 1963ರಲ್ಲಿ ನ್ಯೂಜಿಲೆಂಡಿನ ವಿಲಿಯಂ ಲೈಲಿಯವರು ಇನ್ನೂ ಜನಿಸದ ಕೂಸಿಗೆ ಗರ್ಭದಲ್ಲಿಯೇ ರಕ್ತವನ್ನಿತ್ತು ಬದುಕಿಸಿದರು. ತಾಯಿ ಮತ್ತು ಭ್ರೂಣ ಇಬ್ಬರನ್ನೂ ಒಂದೇ ದೃಷ್ಟಿಯಿಂದ ನೋಡುವ ಈ ಶಾಖೆ ಇಂದು ಮಾತೃ-ಭ್ರೂಣ ವೈದ್ಯಶಾಸ್ತ್ರವೆಂದು ಪ್ರಸಿದ್ಧವಾಗಿದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ವಿದ್ಯಾರ್ಥಿಗಳು ವೈದ್ಯ ವ್ಯಾಸಂಗಕ್ಕೆ ತೆರಳುವುದು ಈಗ ಅಪರೂಪದ ಸಂಗತಿಯಲ್ಲ. ಬಳ್ಳಾರಿಯ ಕಾಲೇಜು 1961ರಲ್ಲಿಯೂ ದಾವಣಗೆರೆಯದು 1965ರಲ್ಲಿಯೂ ಆರಂಭವಾದವು. ಸಂವಿಧಾನದ 371ಜೆ ವಿಧಿಯ ಮೀಸಲಾತಿಯು ಬಾಗಿಲನ್ನು ಇನ್ನಷ್ಟು ತೆರೆದಿದೆ. ಹೀಗೆ ಹೋದ ವಿದ್ಯಾರ್ಥಿ ಯಾವ ಪ್ರಶ್ನೆಯನ್ನು ಸಂಶೋಧಿಸಬೇಕು ಎಂಬುದು ಈಗ ವಿಚಾರಾರ್ಹ. ಪರದೇಶದ ಪತ್ರಿಕೆಯಲ್ಲಿ ಕಂಡ ಪ್ರಶ್ನೆಯನ್ನೇ ಇಲ್ಲಿಗೆ ತಂದು, ಅಲ್ಲಿಯ ಉತ್ತರವನ್ನೇ ಇಲ್ಲಿಯೂ ಬರೆದು ಪದವಿ ಪಡೆಯುವುದು ಸುಲಭ. ಆದರೆ ಅದರಿಂದ ಈ ಸೀಮೆಯ ಬಸುರಿಯರಿಗೆ ಏನೂ ದಕ್ಕದು.

ಬೇರೊಂದು ಮಾರ್ಗ ಉಂಟೆಂಬುದಕ್ಕೆ ಬೆಳಗಾವಿ ಸಾಕ್ಷಿ. 1916ರಲ್ಲಿ ಏಳು ಮಂದಿ ಅಧ್ಯಾಪಕರು ಸ್ಥಾಪಿಸಿದ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿಯೇ ಒಂದು ಪ್ರಯೋಗವನ್ನು ನಡೆಸಿತು. ಹೆರಿಗೆಯಾದೊಡನೆ ದಾದಿಯರೇ ಮಿಸೋಪ್ರೊಸ್ಟಾಲ್ ಎಂಬ ಮಾತ್ರೆಯನ್ನು ನುಂಗಿಸಿದರೆ ರಕ್ತಸ್ರಾವ ತಗ್ಗುವುದೇ ಎಂಬುದು ಪ್ರಶ್ನೆ. 1620 ತಾಯಂದಿರಲ್ಲಿ ಪರೀಕ್ಷಿಸಲಾಗಿ, ಅತಿಸ್ರಾವದ ಪ್ರಮಾಣ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಪ್ರಶ್ನೆ ಹಳ್ಳಿಯದು, ಉತ್ತರ ಲೋಕದ್ದು.

ಅದೇ ಬೆಳಗಾವಿಯೂ ಭಾಗಿಯಾದ ಇನ್ನೊಂದು ಪ್ರಯೋಗದ ಫಲ ಕಹಿಯಾದುದು. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸೂಚನೆ ಕಂಡಾಗ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ನೀಡಿದರೆ ಕೂಸಿನ ಶ್ವಾಸಕೋಶ ಬಲಿಯುತ್ತದೆಂದು 1972ರಲ್ಲಿ ಲಿಗ್ಗಿನ್ಸ್ ಮತ್ತು ಹೋವಿ ತೋರಿಸಿದ್ದರು. ಆರು ದೇಶಗಳ ಹಳ್ಳಿಗಾಡಿನಲ್ಲಿ ಅದನ್ನೇ ವ್ಯಾಪಕವಾಗಿ ಅನುಸರಿಸಿದಾಗ ನವಜಾತ ಶಿಶುಗಳ ಸಾವು ಕಡಿಮೆಯಾಗುವ ಬದಲು ಒಟ್ಟಿನಲ್ಲಿ ಏರಿತೆಂದು 2015ರಲ್ಲಿ ಪ್ರಕಟವಾಯಿತು. ಮದ್ದು ಪಡೆದ ತಾಯಂದಿರಲ್ಲಿ ಬಹುಪಾಲು ಮಂದಿಗೆ ಹುಟ್ಟಿದ್ದು ಅತಿ ಸಣ್ಣ ಕೂಸಲ್ಲ. ತರುವಾಯ ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ, ಸ್ಕ್ಯಾನಿಂಗಿನಿಂದ ವಾರಗಳನ್ನು ನಿಶ್ಚಯಿಸಿಕೊಂಡು ಕೊಟ್ಟಾಗ ಅದೇ ಮದ್ದು ಕೂಸುಗಳನ್ನು ಉಳಿಸಿತು. ಈ ಫಲಿತಾಂಶ ಬಂದದ್ದು 2020ರಲ್ಲಿ. ಆಸ್ಪತ್ರೆಯ ಆರೈಕೆಯ ಪಾಲು ಇದರಲ್ಲಿ ಇಲ್ಲವೆನ್ನಲಾಗದು. ಆದರೂ ಎಷ್ಟನೆಯ ವಾರ ಎಂಬ ಒಂದು ಲೆಕ್ಕ ತಪ್ಪಿದರೆ ಅಮೃತವೂ ವಿಷವಾಗಬಲ್ಲದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಆ ಲೆಕ್ಕ ಆರಂಭವಾಗುವುದು ಯಂತ್ರದಿಂದಲ್ಲ, ಹೆಣ್ಣುಮಗಳ ಮಾತಿನಿಂದ. ಕಡೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಂಬುದು ವೈದ್ಯರ ಗಣನೆ. (ಒಂಬತ್ತು ತಿಂಗಳು ಒಂಬತ್ತು ದಿನ ಎಂಬ ಅಜ್ಜಿಯರ ಮಾತನ್ನು ತಿಂಗಳಿಗೆ ಮೂವತ್ತು ದಿನದಂತೆ ಎಣಿಸಿದರೆ 279 ಆಗುತ್ತದೆ, ನಕ್ಕು ತಳ್ಳಿಹಾಕುವ ಲೆಕ್ಕವಲ್ಲ ಅದು.) ಆದರೆ ತಾಯಿ ಇಂಗ್ಲಿಷ್ ತಾರೀಖನ್ನು ಹೇಳದೆ, ಮೈಲಾರದ ಕಾರಣಿಕವಾದ ಮೂರನೆಯ ದಿನ ಎಂದೋ ಕೊಟ್ಟೂರ ತೇರಿನ ಹಿಂದಿನ ವಾರ ಎಂದೋ ಹೇಳಿದರೆ? ಭರತ ಹುಣ್ಣಿಮೆಯು 2023ರಲ್ಲಿ ಫೆಬ್ರವರಿ 5ಕ್ಕೆ ಬಂದಿತು. ನಡುವೆ ಅಧಿಕ ಶ್ರಾವಣ ಬಂದುದರಿಂದ 2024ರಲ್ಲಿ ಫೆಬ್ರವರಿ 24ಕ್ಕೆ ಬಂದಿತು. ಹಿಂದಿನ ವರ್ಷದ ತಾರೀಖನ್ನೇ ನೆನಪಿಟ್ಟುಕೊಂಡ ವಿದ್ಯಾರ್ಥಿ 19 ದಿನ ತಪ್ಪುತ್ತಾನೆ. ಇನ್ನೊಬ್ಬಳು ಮುಟ್ಟಿನ ಮೊದಲ ದಿನವನ್ನು ಬಿಟ್ಟು ತಲೆಗೆ ನೀರು ಹಾಕಿಕೊಂಡ ದಿನವನ್ನು ಹೇಳುತ್ತಾಳೆ. ಅಲ್ಲಿಯೂ ಮೂರು ನಾಲ್ಕು ದಿನ ಸರಿದಿರುತ್ತದೆ. ಗುಳೆ ಹೋಗಿ ಬಂದ ತಾಂಡಾದ ಹೆಣ್ಣುಮಗಳಿಗೆ ಕನ್ನಡವೂ ಎರಡನೆಯ ಭಾಷೆ. ಅವಳೊಡನೆ ಕುಳಿತು ಕೇಳುವ ತಾಳ್ಮೆ ಬೇರೆಯೇ ಬೇಕು.

ಸ್ಕ್ಯಾನಿಂಗ್ ಇರುವಾಗ ಪಂಚಾಂಗವೇಕೆ ಎಂಬ ಆಕ್ಷೇಪ ಸಹಜವೇ. ಮೊದಲ ಮೂರು ತಿಂಗಳಲ್ಲಿ ಮಾಡಿಸಿದರೆ ಯಂತ್ರದ ಲೆಕ್ಕ ಒಂದು ವಾರದೊಳಗೆ ನಿಖರ. ಏಳು ತಿಂಗಳು ಕಳೆದ ಮೇಲೆ ಮೊದಲ ಸಲ ಮಾಡಿಸಿದರೆ ಯಂತ್ರವೇ ಮೂರು ವಾರ ಆಚೀಚೆ ಹೇಳಬಹುದು. ತಡವಾಗಿ ಬಂದವಳಿಗೆ ಅವಳ ಮಾತೂ ಬೇಕಾಗುತ್ತದೆ.

ಇದು ಪಂಡಿತರ ಕಾಲಕ್ಷೇಪದ ಚರ್ಚೆಯಲ್ಲ. 2018-20ರ ಅವಧಿಯಲ್ಲಿ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ಮಡಿದರು, ಕೇರಳದಲ್ಲಿ 19. ದಕ್ಷಿಣದ ರಾಜ್ಯಗಳಲ್ಲಿ ಕರ್ನಾಟಕದ್ದೇ ಅತ್ಯಧಿಕ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ಐವರು ಬಾಣಂತಿಯರು ಕೆಲವೇ ವಾರಗಳಲ್ಲಿ ಅಸುನೀಗಿದರು. ರಕ್ತನಾಳಕ್ಕೆ ಕೊಟ್ಟ ದ್ರಾವಣದ ಮೇಲೆ ಶಂಕೆ ಬಂದು, ಸರ್ಕಾರ ಅದರ ಬಳಕೆಯನ್ನು ತಡೆಯಿತು. ಆ ದುರಂತಕ್ಕೂ ದಿನಗಣನೆಗೂ ಸಂಬಂಧವಿಲ್ಲ. ಆದರೆ ಸತ್ತ ಮೇಲೆ ವಿಚಾರಿಸುವುದಕ್ಕಿಂತ ಮೊದಲೇ ವಿಚಾರಿಸುವ ವಿದ್ಯಾವಂತರು ಈ ಸೀಮೆಗೆ ಎಷ್ಟು ಅಗತ್ಯವೆಂಬುದನ್ನು ಅದು ತೋರಿಸಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1979ರಲ್ಲಿ, ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಎರಡು ತಿಂಗಳ ಕಾಲ ಸಣ್ಣ ಸಂಶೋಧನೆ ಕೈಗೊಳ್ಳುವ ಯೋಜನೆಯನ್ನು ಆರಂಭಿಸಿತು. ಉತ್ತೀರ್ಣರಾದವರಿಗೆ ಪದಕ ಕೊಡುವ ದಾನಿಗಳು ಆ ಮಾದರಿಯಲ್ಲಿಯೇ, ಇಲ್ಲಿಂದ ಹೋದ ಒಬ್ಬ ವಿದ್ಯಾರ್ಥಿನಿಗೆ ಎರಡು ತಿಂಗಳ ಊಟ, ವಸತಿ, ಬಸ್ಸಿನ ವೆಚ್ಚವನ್ನು ಕೊಡಬಹುದಲ್ಲವೆ? ಅವಳು ಮಾಡಬೇಕಾದ ಕೆಲಸ ದೊಡ್ಡದಲ್ಲ. ಒಂದು ಹೋಬಳಿಯ ಆಶಾ ಕಾರ್ಯಕರ್ತೆಯರ ಜೊತೆ ತಿರುಗಿ, ತಾಯಿ ಕಾರ್ಡಿನಲ್ಲಿ ಬರೆದ ಕಡೆಯ ಮುಟ್ಟಿನ ತಾರೀಖನ್ನು ಮೊದಲ ಸ್ಕ್ಯಾನಿಂಗಿನ ಲೆಕ್ಕದೊಡನೆ ಹೋಲಿಸಿ, ಅಂತರ ಕಂಡಲ್ಲಿ ತಾಯಿ ಆ ದಿನವನ್ನು ಯಾವ ಮಾತಿನಲ್ಲಿ ಹೇಳಿದ್ದಳೆಂದು ಕೇಳಿ ಬರೆದುಕೊಳ್ಳುವುದು. ಜಾತ್ರೆ, ಹುಣ್ಣಿಮೆ, ಅಮಾವಾಸ್ಯೆಗಳ ತಾರೀಖುಗಳನ್ನು ಹತ್ತು ವರ್ಷದ ಪಂಚಾಂಗಗಳಿಂದ ತೆಗೆದು ಒಂದು ಪಟ್ಟಿಯಾಗಿ ಅವಳ ಕೈಗೆ ಕೊಡುವ ಕೆಲಸವನ್ನು ಶಾಲೆಯ ಕನ್ನಡ ಅಧ್ಯಾಪಕರು ಬೇಸಗೆಯ ರಜೆಯಲ್ಲಿ ಮುಗಿಸಬಹುದು.